ಬಸಿದ ನೀರು

ಹಲಸೂರಿನ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಡಂ, ರೇಡಿಯಂ ಕಂಡುಹಿಡಿದ ವಿಜ್ಞಾನಿಯನ್ನು ‘ಆಯಮ್ಮ’ ಎಂದೇ ಕರೆಯುತ್ತಿದ್ದರು, ಜೋಗುಪಾಳ್ಯದಲ್ಲಿ ತಮ್ಮ ಪಕ್ಕದ ಮನೆಯಲ್ಲಿದ್ದವಳೇನೋ ಎಂಬಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮನೆಯಿಂದ ತಂದ ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಕಾಣದ ಕೊಪ್ಪರಿಗೆಯನ್ನು ತಿರುವಿ ತೋರಿಸುತ್ತಿದ್ದರು.

“ರೇಡಿಯಂ ತೆಗೆಯೋಕೆ ಹಿಂಗೆ ವರ್ಷಗಟ್ಲೆ ತಿರುವಿದ್ಲು ಆಯಮ್ಮ. ರಟ್ಟೆ ಬಿದ್ದೋಗಿರುತ್ತೆ.”

ಒಮ್ಮೆ ಕಲ್ಲುಪ್ಪು ಬೆರೆಸಿದ ಮಣ್ಣು ಕೊಟ್ಟು, ಉಪ್ಪನ್ನು ಬೇರೆ ಮಾಡಿ ಎಂದರು. ನಾವು ಹುಡುಗಿಯರು ಅದನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕೆಸರನ್ನು ಜೋಪಾನವಾಗಿಟ್ಟು ನೀರನ್ನು ಮೋರಿಗೆ ಸುರಿದೆವು. ಉಪ್ಪು ನೀರಿನೊಂದಿಗೇ ಹೋಯಿತು.

ಮೇಡಂ ಹಣೆ ಚಚ್ಚಿಕೊಂಡರು. “ಮನೇಲಿ ಬಸ್ಸಾರು ಉಣ್ತೀರಲ್ರೇ! ಸೊಪ್ಪು ಬೇಯಿಸಿದ ನೀರು ಚೆಲ್ತಾರಾ ನಿಮ್ಮಮ್ಮ? ಅದ್ರಲ್ಲೇ ಅಲ್ವಾ ಸಾರು ಮಾಡೋದು?”

ಕೋಪ ಇಳಿದ ಮೇಲೆ ಹೇಳಿದರು: “ಅದಿರಿನಿಂದ ಯುರೇನಿಯಂ ತೆಗೆದು, ಉಳಿದ ಚರಟ ಬಿಸಾಕ್ತಿದ್ರು. ಅದು ಇನ್ನೂ ಜೋರಾಗಿ ಕಿರಣ ಸೂಸ್ತಿತ್ತು. ಆಯಮ್ಮ ಅದನ್ನೇ ಮೂಟೆಗಟ್ಲೆ ಕೇಳಿ ತರಿಸ್ಕೊಂಡ್ಲು. ರೇಡಿಯಂ ಸಿಕ್ಕಿದ್ದು ಅದ್ರಲ್ಲೇ.”

ಈಗಲೂ ಸೊಪ್ಪು ಬಸಿಯುವಾಗೆಲ್ಲ ನನಗೆ ಒಂಬತ್ತನೇ ಕ್ಲಾಸಿನ ಮೊದಲ ದಿನ ನೆನಪಾಗುತ್ತದೆ. ಅಂಕ ನೋಡಿ ಸೆಕ್ಷನ್ ಹಂಚುತ್ತಿದ್ದರು. ಒಳ್ಳೆಯ ಅಂಕದವರೆಲ್ಲ ಬೇರೆ ಮೇಷ್ಟರುಗಳ ಹಿಂದೆ ಹೋದರು. ನಾವು ಕೆಲವರು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದೆವು.

“ಇವ್ರನ್ನೇನು ಮಾಡೋದು?” ಎಂದರು ಹೆಡ್‌ಮಾಸ್ಟರು.

ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಉಳಿದವ್ರನ್ನೆಲ್ಲ ನನಗೇ ಕೊಡಿ ಸಾರ್.”