ಕೆಳಗಿನ ಮಹಡಿಯ ಮನೆ

ಅಕ್ಕನ ಪರವಾಗಿ ಒಂದು ಮಾತು ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ. ಹೇಳಿದ್ದು ಸುಳ್ಳು.

ಆಗ ನಾವಿಬ್ಬರೂ ಕೊಲ್ಲಿ ನಾಡಿನ ಅಲ್ ಕುಸೈಸ್‌ನಲ್ಲಿ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿದ್ದೆವು. ನಾನು ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದೆ. ಅಕ್ಕ ಟೈಲರ್ ಅಂಗಡಿಯಲ್ಲಿ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅವಳಿಗೆ ಮೊಣಕಾಲು ಊದುವ ಕಾಯಿಲೆ. ಕೆಲವು ದಿನ ಎಲ್ಲರಂತೆ ನಡೆಯುತ್ತಿದ್ದಳು, ಕೆಲವು ದಿನ ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಿದ್ದಳು. ಲಿಫ್ಟ್ ಆಗಾಗ ಕೆಡುತ್ತಿತ್ತು.

ಒಮ್ಮೆ ಕಟ್ಟಡದ ಮ್ಯಾನೇಜರ್ ಮೆಟ್ಟಿಲ ಬಳಿ ಸಿಕ್ಕಿ, "ಕೆಳಗೆ ಒಂದು ಮನೆ ಖಾಲಿ ಉಂಟು. ಡಿಸೇಬಲ್ ಇದ್ದವರಿಗೆ ಮೊದಲು. ನಿಮ್ಮಲ್ಲಿ ಯಾರಾದರೂ ಇದ್ದಾರಾ ಭಾಯ್?" ಎಂದರು.

"ಯಾರೂ ಇಲ್ಲ," ಎಂದೆ. ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ನಾನು ಓದಿದ್ದು ಏಳನೇ ತರಗತಿ. ಗಾಲಿಕುರ್ಚಿಯಲ್ಲಿ ಕೂತವರು ಮಾತ್ರ ಆ ಲೆಕ್ಕಕ್ಕೆ ಬರುತ್ತಾರೆಂದು ತಿಳಿದಿದ್ದೆ. ಕಾಯಿಲೆ ಹೇಳಿಕೊಂಡರೆ ಅವಳ ವೀಸಾ ಖಲಾಸ್ ಆಗುತ್ತದೆಂಬ ಹೆದರಿಕೆಯೂ ಇತ್ತು. ಆ ಮನೆಗೆ ಬೇರೆಯವರು ಬಂದರು.

ಮರುವರ್ಷದ ಬೇಸಿಗೆಯಲ್ಲಿ ಲಿಫ್ಟ್ ಕೆಟ್ಟ ಒಂದು ಮಧ್ಯಾಹ್ನ, ನಾನು ಕೆಲಸದಿಂದ ಬರುವವರೆಗೂ ಅಕ್ಕ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಬೆವರುತ್ತ ಕೂತಿದ್ದಳು. ಅವತ್ತು ಯಾರೂ ಇಲ್ಲ ಅಂದದ್ದು ಯಾಕೆಂದು ಆಗ ಹೇಳಿದೆ, ಅವಳು ರೇಗಿದಳು.

"ಕಾಲು ಇಲ್ಲದವರಿಗೆ ಮಾತ್ರ ಅಂತ ನಿಂಗೆ ಯಾರು ಹೇಳಿದ್ದು ಮಾರಾಯ? ಯಾರತ್ರವಾದ್ರೂ ಕೇಳಿದ್ದುಂಟಾ?"

ಕೇಳಿರಲಿಲ್ಲ. ಮರುದಿನ ಅವಳ ಡಾಕ್ಟರರನ್ನು ಕೇಳಿದೆ. ಅವರು ನಕ್ಕರು. "ಗಾಲಿಕುರ್ಚಿ ಬೇಕಾಗಿಲ್ಲ. ನಡೆಯಲಿಕ್ಕೆ ಅಡ್ಡ ಬರುವ, ವಾಸಿಯಾಗದ ಕಾಯಿಲೆಯೂ ಲೆಕ್ಕಕ್ಕೆ ಬರ್ತದೆ. ಒಳ್ಳೆಯ ದಿನಗಳೂ ಇರ್ತವೆ ಅಂತ ಕಾಯಿಲೆ ಸುಳ್ಳಾಗ್ತದಾ?" ವರದಿ ಬರೆದುಕೊಟ್ಟರು. ಅರ್ಜಿ ಹಾಕಿದೆವು, ಅಕ್ಕನ ಹೆಸರಿನಲ್ಲಿ ಅಂಗವಿಕಲರ ಕಾರ್ಡ್ ಬಂತು. ವೀಸಾಕ್ಕೆ ಏನೂ ಆಗಲಿಲ್ಲ.

ಮ್ಯಾನೇಜರ್ ಕಾರ್ಡ್ ನೋಡಿ, "ಅವತ್ತೇ ಹೇಳಬಾರದಿತ್ತಾ?" ಎಂದು ಬೈದರು. ಕೆಳಗಿನ ಇನ್ನೊಂದು ಮನೆ ಖಾಲಿಯಾದಾಗ ನಮಗೇ ಕೊಟ್ಟರು.

ಅಲ್ಲಿಗೆ ಬಂದ ಮೊದಲ ಸಂಜೆ ಅಕ್ಕ ಒಬ್ಬಳೇ ಹೋಗಿ ಮೊಸರು ತಂದಳು. ಕೊತ್ತಂಬರಿ ಮರೆತಿದ್ದಳು, ಮತ್ತೆ ಹೋದಳು. ಎರಡು ಸಲವೂ ನನ್ನನ್ನು ಕರೆಯಲಿಲ್ಲ. ನನ್ನ ಎದೆ ಹಗುರಾಯಿತು, ಆದರೂ ಊಟಕ್ಕೆ ಕೂತಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಎಂತದಾ, ಉಪ್ಪು ಹೆಚ್ಚಾಯ್ತಾ?"

"ಇಲ್ಲ ಅಕ್ಕ. ನೀನು ಪಕ್ಕದಲ್ಲೇ ನಿಂತಿರುವಾಗ ಯಾರೂ ಇಲ್ಲ ಅಂದೆನಲ್ಲ, ಅದು ನನ್ನ ತಪ್ಪು. ನನ್ನನ್ನು ಕ್ಷಮಿಸು."