ಬಾಯಕ್ಕನಿಗೆ ಮಣ್ಣು ಕೊಟ್ಟವರು ಯಾರು?

ಓದುಗರೆಲ್ಲರಿಗೂ ಶರಣು. ನಾನು ಬರೆಯುವ ಮನುಷ್ಯನಲ್ಲ. ಎಸ್ಸೆಸ್ಸೆಲ್ಸಿ ಪಾಸಾದದ್ದೇ ಮೂವತ್ತಾರನೇ ವಯಸ್ಸಿನಲ್ಲಿ, ಅದೂ ಮೂರು ಸಲ ಕಟ್ಟಿ. ನಾಲ್ಕು ದಿನದಿಂದ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪುಗಳಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಸಾರವಾಡದಲ್ಲಿ ನೀರು ಬಿಡುವ ಕೆಲಸ ನನ್ನದು. ನಸುಕಿನಲ್ಲಿ ಎದ್ದು ಓಣಿ ಓಣಿಯ ವಾಲ್ವ್ ತಿರುಗಿಸುತ್ತ ಸ್ಮಶಾನದ ಬದಿಯ ನೀರಿನ ಟಾಕಿಯ ತನಕ ಒಬ್ಬನೇ ಹೋಗಿಬರುತ್ತೇನೆ. ಒಂದು ದಿನವೂ ಏನೂ ಕಂಡಿಲ್ಲ. ಯಾರಾದರೂ ಇಂಥ ಕಥೆ ಹೇಳಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬಿದ್ದೇನೆ ಎಂದೂ ಹೇಳಲಾರೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಕೊರೊನಾದ ಎರಡನೇ ಅಲೆಯಲ್ಲಿ ನನ್ನ ಅಕ್ಕ ಶಾಂತವ್ವ ತೀರಿಕೊಂಡಳು. ಅವಳನ್ನು ಘೋಣಸಗಿಗೆ ಕೊಟ್ಟಿದ್ದೆವು. ಅಪ್ಪ ಅವ್ವ ಬೇಗ ಹೋದರು, ನನ್ನನ್ನು ಬೆಳೆಸಿದವಳು ಅವಳೇ. ಎಲ್ಲರೂ ಶಾಂತವ್ವ ಅಂದರೆ ನಾನೊಬ್ಬ ಬಾಯಕ್ಕ ಅನ್ನುತ್ತಿದ್ದೆ. ವಿಜಯಪುರದ ಒಂದು ದವಾಖಾನೆಯಲ್ಲಿ ಒಂಬತ್ತು ದಿನ ಇದ್ದು ಹೋದಳು. ಅವಳ ಗಂಡ, ಅಂದರೆ ನಮ್ಮ ಮಲ್ಲಪ್ಪ ಮಾವ, ಬೆಳಿಗ್ಗೆ ಫೋನ್ ಮಾಡಿದರು. ಆಂಬುಲೆನ್ಸ್ ನೇರ ಹೊಲಕ್ಕೆ ಬರುತ್ತದೆ, ನಾಲ್ಕು ಮಂದಿಗೆ ಮಾತ್ರ ಮೈ ಮುಖ ಮುಚ್ಚುವ ಬಿಳಿ ಕಿಟ್ಟು ಹಾಕಿಸಿ ಹತ್ತಿರ ಬಿಡುತ್ತಾರೆ ಎಂದರು.

"ನಾಕ ಮಂದ್ಯಾಗ ಒಂದ ಜಾಗಾ ನಿನ್ನ ಸಲುವಾಗಿ ಇಟ್ಟೀನಿ. ತವರಮನಿ ಅಂತ ಉಳದಾವ ನೀ ಒಬ್ಬನ. ಬಾ."

ನಮ್ಮ ಕಡೆ ಯಾರಾದರೂ ಸತ್ತರೆ ಕುಣಿಯೊಳಗೆ ಹಿಡಿಮಣ್ಣು ಹಾಕಿ ಬರುತ್ತೇವೆ. ಅದಕ್ಕೇ ಮಣ್ಣು ಕೊಡುವುದು ಎನ್ನುತ್ತೇವೆ. ಹೆಣ್ಣುಮಗಳಾದರಂತೂ ತವರಿನವರ ಮಣ್ಣು ಬೀಳಲೇಬೇಕು. ಇಷ್ಟು ಗೊತ್ತಿದ್ದೂ ನಾನು "ಜ್ವರಾ ಬಂದಾವ್ರಿ ಮಾವಾ" ಎಂದೆ. ಜ್ವರ ಬಂದಿರಲಿಲ್ಲ. ಅಂಜಿಕೆ ಬಂದಿತ್ತು. ಅವರು "ಆತಪಾ, ಜ್ವಾಕಿ" ಎಂದು ಫೋನ್ ಇಟ್ಟರು. ಹೆಂಡತಿಯೂ ನಂಬಲಿ ಎಂದು ಆ ಬಿಸಿಲಿನಲ್ಲಿ ಸಂಜೆಯ ತನಕ ಕೌದಿ ಹೊದ್ದು ಬೆವರುತ್ತ ಮಲಗಿದ್ದೆ.

ಮಣ್ಣಿಗೆ ಬರದವರ ಜೊತೆ ಜೀವ ಇರುವ ತನಕ ಮಾತು ಬಿಡುವ ಜನ ನಾವು. ಆದರೆ ಮಾವ ಮಾತು ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ಪ್ರೀತಿ ತೋರಿಸತೊಡಗಿದರು. ವರ್ಷಾ ವರ್ಷಾ ತಮ್ಮ ತೋಟದ ಒಣದ್ರಾಕ್ಷಿ ಒಂದು ಚೀಲ ಕಳಿಸುತ್ತಿದ್ದರು. ಮಕ್ಕಳು ಮುಕ್ಕುತ್ತಿದ್ದರು, ನಾನು ಮಾತ್ರ ಒಂದನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ನನಗೊಂದು ವಿಚಾರ ಬಂತು. ಆ ರೋಗದಲ್ಲಿ ಹೋದವರ ನೆನಪಿಗೆ ವರ್ಷಕ್ಕೊಂದು ದಿನ ಇಡಬೇಕು. ಆಗ ಮಣ್ಣು ಕೊಡಲು ಆಗದವರು ಅಂದು ತಮ್ಮ ಅಂಗಳದ ಒಂದು ಹಿಡಿ ಮಣ್ಣು ತಂದು, ಹೆಸರು ಹೇಳಿ ಕೊಡಬೇಕು. ಚಹಾದ ಅಂಗಡಿಯಲ್ಲಿ ಇದನ್ನು ಹೇಳಿದಾಗ ನಮ್ಮ ಓಣಿಯ ಬಸಪ್ಪಜ್ಜ ನಕ್ಕ. "ನಳದಾಗ ನೀರ ಬಿಡೂದ ಬಿಟ್ಟು ಮಂದಿ ಕಣ್ಣಾಗ ನೀರ ತರಸಾಕ ಹೊಂಟೀ ಏನಲೇ?" ಎಂದ. ಎಲ್ಲರೂ ನಕ್ಕರು. ಆದರೆ ಮರುದಿನ ನಾನು ವಾಲ್ವ್ ತಿರುಗಿಸುವಾಗ ಅದೇ ಅಜ್ಜ ಪಕ್ಕಕ್ಕೆ ಬಂದು ನಿಂತು, "ನಮ್ಮ ತಮ್ಮನ ಹೆಸರು ಬರಕೋ. ಅವನ ಮಾರೀನೂ ನೋಡಾಕ ಬಿಡಲಿಲ್ಲ" ಎಂದು ಹೇಳಿ ಹೋದ. ಆಮೇಲೆ ಯಾರೂ ಬೇಡ ಎನ್ನಲಿಲ್ಲ. ಬಸವ ಜಯಂತಿ ಆದ ಮೇಲೆ ಬರುವ ರವಿವಾರ ಎಂದು ಗೊತ್ತುಮಾಡಿದೆವು. ನಮ್ಮೂರಿನಿಂದ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ ಯಾದಿ ಮಾಡಿದೆ.

ನಿಜ ಹೇಳುತ್ತೇನೆ, ಊರಿನ ಸಲುವಾಗಿ ಇದನ್ನು ಮಾಡಿದೆ ಎಂದರೆ ಸುಳ್ಳಾಗುತ್ತದೆ. ಮಾವನನ್ನು ಕರೆಸಿ, ಎಲ್ಲರ ಎದುರು ಬಾಯಕ್ಕನಿಗೆ ಮಣ್ಣು ಕೊಟ್ಟು, ಅವತ್ತು ಹೇಳಿದ್ದು ಸುಳ್ಳು ಎಂದು ಕಾಲು ಹಿಡಿಯಬೇಕು ಎಂಬುದೇ ನನ್ನ ಆಸೆಯಾಗಿತ್ತು.

ಆ ರವಿವಾರ ಬೆಳಿಗ್ಗೆ ಟಾಕಿಯ ಬಳಿ ಕುಣಿ ತೋಡಿ ಬೇವಿನ ಸಸಿ ಇಟ್ಟೆವು. ಭಾಷಣ ಇರಲಿಲ್ಲ, ಮೈಕೂ ಇರಲಿಲ್ಲ. ನಾನು ಹೆಸರು ಓದಿದಂತೆ ಮಂದಿ ಬಂದು ಸಸಿಯ ಬುಡಕ್ಕೆ ಮಣ್ಣು ಹಾಕಿದರು. ಒಬ್ಬ ಹೆಣ್ಣುಮಗಳು ಗಂಡನ ಹೆಸರು ಹೇಳಿ, "ತಗೋರಿ, ಅಂಗಳದ ಮಣ್ಣ ಬೂಟಿಗಿ ಹತ್ತಿದ್ರ ನನ್ನ ಬೈತಿದ್ರಿ. ಈಗ ಬೈರಿ ನೋಡೂನು" ಎಂದಳು. ಸುತ್ತ ಇದ್ದವರು ನಕ್ಕರು, ಅವಳೂ ನಕ್ಕಳು, ಆಮೇಲೆ ಕುಣಿಯ ದಂಡೆಯಲ್ಲೇ ಕುಸಿದು ಕೂತಳು.

"ಶಾಂತವ್ವ, ಘೋಣಸಗಿ" ಎಂದು ನಾನೇ ಓದಿ, ಯಾದಿಯನ್ನು ಬಸಪ್ಪಜ್ಜನ ಕೈಗೆ ಕೊಟ್ಟು, ನಮ್ಮ ಅಂಗಳದ ಮಣ್ಣು ಹಿಡಿದು ಮುಂದೆ ಹೋದೆ. ಕರೆದದ್ದಕ್ಕೆ ಘೋಣಸಗಿಯಿಂದ ಬಂದಿದ್ದ ಮಾವ ನನ್ನ ಮುಂಗೈ ಹಿಡಿದರು.

"ನೀ ಯಾಕೋ? ನೀ ಅವತ್ತ ಕೊಟ್ಟೀಯಲ್ಲ. ಎರಡ ಸಲಾ ಕೊಡಬಾರದು, ಮನಿಗಿ ಒಳ್ಳೇದಲ್ಲ."

ಎಲ್ಲರ ಎದುರು ನನ್ನ ಮಾನ ಉಳಿಸುತ್ತಿದ್ದಾರೆ ಎಂದುಕೊಂಡೆ. "ಮಾವಾ, ನಾ ಬಂದಿದ್ದಿಲ್ಲರಿ. ಜ್ವರಾನೂ ಸುಳ್ಳರಿ" ಎಂದೆ. ಅವರು ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು. ಬೇವಿನ ಸಸಿಯಿಂದ ದೂರ ಕರೆದುಕೊಂಡು ಹೋಗಿ ಮೆಲ್ಲಗೆ ಎಲ್ಲ ಹೇಳಿದರು.

ನಾನು ಬರುವುದಿಲ್ಲ ಎಂದ ಮೇಲೆ ನನ್ನ ಜಾಗಕ್ಕೆ ಪಕ್ಕದ ಹೊಲದವನನ್ನು ನಿಲ್ಲಿಸಿಕೊಂಡಿದ್ದರಂತೆ. ಮಾವ, ಅವರ ಮಗ ಸಿದ್ದು, ಅವರ ತಮ್ಮ, ಈ ಪಕ್ಕದವ. ನಾಲ್ವರೂ ಮಣ್ಣು ಕೊಟ್ಟು ಹಿಂದೆ ಸರಿದಾಗ ಬಿಳಿ ಕಿಟ್ಟಿನಲ್ಲಿ ಐದನೆಯವನೊಬ್ಬ ಬಂದನಂತೆ. ಮುಖ ಕಾಣುತ್ತಿರಲಿಲ್ಲ. ಎಡಗೈಯಿಂದ ಮಣ್ಣು ಹಾಕಿ, "ಬಾಯಕ್ಕಾ" ಎಂದು ಒಮ್ಮೆ ಕರೆದು, ಕಿಟ್ಟು ಬಿಚ್ಚದೆ ರಸ್ತೆಯ ಕಡೆ ಹೋದನಂತೆ. ನಾನು ಎಡಚ. ಬಾಯಕ್ಕ ಎಂದು ಕರೆಯುವವನೂ ನಾನೊಬ್ಬನೇ.

"ಜ್ವರದಾಗ ಬಂದೀ, ನಮಗ ಹತ್ತಬಾರದಂತ ದೂರ ನಿಂತೀ ಅಂತ ತಿಳಕೊಂಡೆ. ಆ ಕಿಟ್ಟು ಎಲ್ಲಿಂದ ತಂದೀ ಅಂತ ಮಾತ್ರ ಕೇಳಬೇಕಂತ ಮಾಡಿದ್ದೆ, ಮರತ ಬಿಟ್ಟೆ" ಎಂದರು.

ಅದು ನಾನಲ್ಲ ಎಂದು ಮತ್ತೆ ಹೇಳಿದೆ, ಆಣೆ ಮಾಡಿದೆ. ಆಗ ಅವರ ಮುಖ ಸಣ್ಣದಾಯಿತು. "ಸಾಕ ಬಿಡೋ ಯಪ್ಪಾ. ಅಕಿಗಿ ತವರಮನಿ ಮಣ್ಣ ಬಿದ್ದೈತಿ ಅನ್ನೂದೊಂದರ ಮ್ಯಾಲ ಇಷ್ಟ ದಿನಾ ಉಂಡ ಮಲಗೇನಿ. ಅದನ್ನ ಕಸಗೋಬ್ಯಾಡ" ಎಂದರು. ಮಣ್ಣನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ಬಸಪ್ಪಜ್ಜನ ಕಡೆ ತಿರುಗಿ ನಡೆದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಜ್ವರ ಸುಳ್ಳೆಂದು ಅವಳಿಗೆ ಆಗಲೇ ಗೊತ್ತಿತ್ತಂತೆ, ಹಣೆ ಮುಟ್ಟಿ ನೋಡಿದ್ದಳಂತೆ. ಅವತ್ತು ನಾನು ನಡುವೆ ಎದ್ದು ಎಲ್ಲಿಗಾದರೂ ಹೋಗಿದ್ದೆನಾ ಎಂದು ಕೇಳಿದೆ. "ಬಾಗಲದಾಗ ಕುಂತ ಶೇಂಗಾ ಒಡೀಲಾಕತ್ತಿದ್ದೆ. ನನ್ನ ದಾಟಿ ಎಲ್ಲಿ ಹೋಗ್ತೀರಿ?" ಎಂದಳು. ಸಿದ್ದುಗೂ ಫೋನ್ ಮಾಡಿದೆ. ಆಂಬುಲೆನ್ಸಿನವನೇ ಇಳಿದು ಮಣ್ಣು ಹಾಕಿರಬಹುದಲ್ಲ ಎಂದೆ. ಡ್ರೈವರ್ ಒಬ್ಬನೇ ಇದ್ದ, ಗಾಡಿ ಬಿಟ್ಟು ಇಳಿಯಲಿಲ್ಲ ಎಂದ. "ನೀವ ಅದೀರಿ ಬಿಡ್ರಿ ಮಾಮಾ, ಎಡಗೈಲೆ ಹಾಕಿದ್ರಿ, ಅಪ್ಪಾ ಎಲ್ಲಿ ಬೈತಾನೋ ಅಂತ ಅಂಜಿದ್ದೆ ನಾ" ಎಂದ.

ಆಮೇಲೆ ಇನ್ನೊಂದು ವರ್ಷವೂ ಆ ದಿನ ನಡೆಯಿತು. ಈಗ ಸುತ್ತಲಿನ ಊರಿನವರೂ ಬರುತ್ತಾರೆ. ಬಾಯಕ್ಕನ ಹೆಸರು ಬಂದಾಗ ನಾನು ತಲೆ ಎತ್ತುವ ಮೊದಲೇ ಮಾವ "ಕೊಟ್ಟಾರ, ಮುಂದಿನ ಹೆಸರ ಓದಪಾ" ಎಂದರು. ಓದಿದೆ.

ಮೊದಲ ವರ್ಷ ನನ್ನ ಮುಷ್ಟಿಯಲ್ಲಿ ಉಳಿದ ಮಣ್ಣನ್ನು ಚೆಲ್ಲಲು ಮನಸ್ಸಾಗದೆ ಅರಿವೆಯಲ್ಲಿ ಕಟ್ಟಿ ಇಟ್ಟಿದ್ದೇನೆ. ಕೊಟ್ಟರೆ ಮಾವನ ಸಮಾಧಾನ ಹೋಗುತ್ತದೆ. ಕೊಡದಿದ್ದರೆ ಬಾಯಕ್ಕನಿಗೆ ನನ್ನ ಮಣ್ಣು ಎಂದೂ ಬಿದ್ದಂತಾಗುವುದಿಲ್ಲ; ಅಂದು ಮಣ್ಣು ಹಾಕಿದವನು ಯಾರೋ ಗೊತ್ತಿಲ್ಲ, ನಾನಂತೂ ಹಾಕಿಲ್ಲ. ನೀವು ಇಲ್ಲದ ಜಾಗದಲ್ಲಿ ನಿಮ್ಮನ್ನು ಕಂಡೆವು ಎಂದು ಯಾರಾದರೂ ಹೇಳಿದ್ದುಂಟಾ? ಹೇಳಿದ್ದರೆ ನೀವೇನು ಮಾಡಿದಿರಿ, ದಯಮಾಡಿ ಬರೆಯಿರಿ. ಬರುವ ರವಿವಾರ ಮತ್ತೆ ಹೆಸರು ಓದುವವನು ನಾನೇ.