ಹೊಟ್ಟೆಯೊಳಗಿನ ಉಬ್ಬು

ಆ ಹೆದ್ದಾರಿಯಲ್ಲಿ ಟೈರು ರಿಪೇರಿಯವನ ಬಾಯಿಗೆ ಹೆದರದ ಲಾರಿ ಡ್ರೈವರೇ ಇರಲಿಲ್ಲ. ಟೈರಿನ ಪಕ್ಕೆಯ ಮೇಲೆ ಅಂಗೈ ಆಡಿಸುತ್ತಿದ್ದ. ಎಲ್ಲಾದರೂ ಉಬ್ಬು ಸಿಕ್ಕಿತೋ, ಇದು ದಾರಿಯಲ್ಲೇ ಒಡೆಯುತ್ತದೆಂದು ಗಾಳಿ ಪೈಪನ್ನು ಅಲ್ಲೇ ಬಿಸಾಡುತ್ತಿದ್ದ.

"ಇನ್ನೊಂದೇ ಟ್ರಿಪ್ಪು ಹೋಗ್ಬರ್ತೀನಣ್ಣ" ಎಂದು ಯಾರಾದರೂ ಗೋಗರೆದರೆ, "ಹೋಗು! ನನ್ನ ಗಾಳಿ ತುಂಬಿಸ್ಕೊಂಡು ಮಾತ್ರ ಸಾಯ್ಬೇಡ" ಎಂದು ಗುಡುಗುತ್ತಿದ್ದ.

ಅಂಥವನಿಗೆ ಸೊಂಟ ಹಿಡಿದುಕೊಂಡಿತು. ಮೂತ್ರಪಿಂಡದ ಕಲ್ಲಿರಬೇಕೆಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಕಲ್ಲೂ ಸಿಕ್ಕಿತು, ಸಣ್ಣದು. ಮಾತ್ರೆ ಹಿಡಿದು ಮನೆ ಸೇರಿದವನಿಗೆ ಮರುದಿನವೇ ಆಸ್ಪತ್ರೆಯಿಂದ ಫೋನು: ಹೆಂಡತಿಯನ್ನೂ ಕರೆದುಕೊಂಡು ಬನ್ನಿ.

ಈ ಸಲ ಔಷಧಿ ಚುಚ್ಚಿ ಮತ್ತೆ ಸ್ಕ್ಯಾನ್ ಮಾಡಿದರು. ರಕ್ತನಾಳದ ಡಾಕ್ಟರಮ್ಮ ಪರದೆಯನ್ನು ಅವನತ್ತ ತಿರುಗಿಸಿದರು. ಕತ್ತಲಲ್ಲಿ ಒಂದು ಕೆಂಪು ಮರ ತೇಲುತ್ತಿತ್ತು. ದಪ್ಪ ಕಾಂಡ, ಕವಲು, ಕೂದಲೆಳೆಯಂಥ ರೆಂಬೆ.

"ಇದೇನಮ್ಮ?"

"ನೀವೇ. ನಿಮ್ಮ ಹೊಟ್ಟೆಯ ರಕ್ತನಾಳ."

ಕಾಂಡದ ನಡುವೆ ಹಳದಿ ಬಣ್ಣದಲ್ಲೊಂದು ಉಬ್ಬು. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮೊನ್ನೆ ಕಲ್ಲು ಹುಡುಕೋವಾಗ ಇದು ನಮ್ಮ ಕಣ್ತಪ್ಪಿತ್ತು. ಅದೇ ಸ್ಕ್ಯಾನ್ ನೋಡಿ ಕಂಪ್ಯೂಟರ್ ಹಿಡೀತು. ಆಮೇಲೆ ನಾನೂ ಅಳೆದು ನೋಡ್ದೆ. ಒಡೆದ್ರೆ ಉಳಿಯೋದು ಕಷ್ಟ. ಆಪರೇಷನ್ ಬೇಕು."

"ಕಂಪ್ಯೂಟರಿಗೆ ಯಾರು ಹೇಳ್ಕೊಟ್ರು?"

"ಸಾವಿರಾರು ಜನರ ಸ್ಕ್ಯಾನ್ ತೋರಿಸಿ, ಯಾವುದು ಸರಿ, ಯಾವುದು ಉಬ್ಬಿದ್ದು ಅಂತ ಕಲಿಸಿದಾರೆ."

ಅವನ ಮೈ ಜುಮ್ಮೆಂದಿತು. ಅವನ ಅಂಗೈ ಕಲಿತದ್ದೂ ಹೀಗೆಯೇ, ಟೈರು ಮುಟ್ಟಿ ಮುಟ್ಟಿ. ಈ ಕಂಪ್ಯೂಟರಿಗೆ ಕೈಯೇ ಇಲ್ಲ. ಮುಖ ಕಾಣದ ಅಷ್ಟೊಂದು ಜನ ತಮ್ಮ ಹೊಟ್ಟೆ ತೋರಿಸಿ ಹೋಗಿದ್ದಾರೆ, ಅದರಿಂದ ತನ್ನ ಹೊಟ್ಟೆಯ ಗುಟ್ಟು ಬಯಲಾಗಿದೆ! ಪರದೆಯನ್ನು ನೋಡುತ್ತಲೇ ಕೂತ.

ಆದರೂ ಬಾಯಿಂದ ಬಂದದ್ದು ಬೇರೆ. "ಅಂಗಡೀಲಿ ಈಗ ತುಂಬ ಕೆಲಸ ಡಾಕ್ಟ್ರೇ. ಇನ್ನೊಂದು ತಿಂಗಳು ಹೇಗೋ ತಳ್ತೀನಿ."

ಹೆಂಡತಿ ಅವನ ಕಡೆ ತಿರುಗಿದಳು. "ಇನ್ನೊಂದೇ ಟ್ರಿಪ್ಪಾ?"

ಬಯ್ಯಲು ಬಾಯಿ ತೆರೆದವನು ಮತ್ತೊಮ್ಮೆ ಆ ಹಳದಿ ಉಬ್ಬನ್ನು ನೋಡಿದ. "ಯಾವತ್ತು ಬಂದು ಮಲ್ಕೊಳ್ಲಿ?" ಎಂದು ಡಾಕ್ಟರಮ್ಮನನ್ನು ಕೇಳಿದ.

ತೊಡೆಯ ಸಂದಿಯಿಂದ ತೂರಿಸಿ ರಕ್ತ ಉಬ್ಬನ್ನು ಒತ್ತದೆ ಹರಿಯುವಂತೆ ನಾಳದೊಳಗೊಂದು ಬಟ್ಟೆಯ ಕೊಳವೆ ಕೂರಿಸಿದರು. ಕೆಲವು ತಿಂಗಳ ನಂತರದ ಸ್ಕ್ಯಾನಿನಲ್ಲಿ ಹಳದಿ ಉಬ್ಬು ಕುಗ್ಗಿತ್ತು. ಅವನ ಅಂಗೈ ತನ್ನಷ್ಟಕ್ಕೇ ಪರದೆಯ ಮೇಲೆ ಆಡಿತು.

"ಡಾಕ್ಟ್ರೇ, ನಂದೂ ಆ ಕಂಪ್ಯೂಟರಿಗೆ ತೋರಿಸಿ. ಉಬ್ಬಿದ್ದಾಗಿನದೂ, ಈಗಿನದೂ. ಚೆನ್ನಾಗಿ ಕಲೀಲಿ."

"ಬಯ್ಯೋದೊಂದು ಬಿಟ್ಟು ಕಲೀಲಿ" ಎಂದಳು ಹೆಂಡತಿ.